ಬಚ್ಚಲದ ಹಸಿ ಗೋಡೆಗೆ ಕೇಡು

ಲೋಹಾರಾ, ಉಮರ್ಗಾ ಕಡೆಯ ಹಳೆಯ ಕಲ್ಲಿನ ಮನೆಗಳಲ್ಲಿ ಗವಾಕ್ಷಿಯಿಲ್ಲದ ಕತ್ತಲ ಬಚ್ಚಲ ಇನ್ನೂ ಉಂಟು. ಹಂಡೆಯ ಉಗಿ ಹೊರಹೋಗದೆ ಗೋಡೆಗೆ ಬೂಷ್ಟು, ಮಕ್ಕಳಿಗೆ ಕೆಮ್ಮು. ಅದಕ್ಕೂ ದೊಡ್ಡ ಕೇಡು ಗೋಡೆಯೊಳಗೆ ನಡೆದಿರುತ್ತದೆ.

1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪವನ್ನು ನಾವು ಮರೆತಿಲ್ಲ. ಸಾಸ್ತೂರ ಮೊದಲಾದ ಊರುಗಳಲ್ಲಿ ಮಲಗಿದ್ದವರ ಮೇಲೆ ಬಿದ್ದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಭಾರದ ಮಣ್ಣಿನ ಮಾಳಿಗೆ. ಇಂಥ ಗೋಡೆಯಲ್ಲಿ ಕಲ್ಲನ್ನು ಹಿಡಿದಿರುವುದು ಮಣ್ಣೊಂದೇ. ಅದು ನೆನೆದರೆ ಹಿಡಿತ ಸಡಿಲಾಗುತ್ತದೆ. ಬುಡದ ಎರೆಮಣ್ಣೂ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಗೋಡೆ ಬಿರುಕು ಬಿಡುತ್ತದೆ.

ಮೊದಲು ಹಸಿಯ ಮೂಲ ನೋಡಿರಿ. ಬುಡದಿಂದ ಮೇಲೇರಿದ್ದರೆ ಅದು ನೆಲದ ನೀರು. ಮಾಳಿಗೆಯ ಕೆಳಗೆ ಕಪ್ಪು ಹಿಡಿದಿದ್ದರೆ ಬಹುಶಃ ಉಗಿಯ ಕೆಲಸ.

ನೆಲಕ್ಕೆ ಶಹಾಬಾದ ಫರಸಿ ಹಾಸಿ, ಸಂದು ಮುಚ್ಚಿಸಿ, ಮೋರಿಯ ಕಡೆಗೆ ಇಳಿಜಾರು ಕೊಡಿರಿ. ಎರೆಭೂಮಿಯಲ್ಲಿ ನೀರು ಬೇಗ ಇಂಗದು. ಗೋಡೆಯ ಪಕ್ಕದಲ್ಲೇ ಇಂಗುಗುಂಡಿ ತೋಡಬೇಡಿರಿ. ಪಕ್ಕಾ ಕಾಲುವೆಯಿಂದ ನೀರನ್ನು ದೂರ ಒಯ್ದು ಬಾಳೆಗೆ, ತೆಂಗಿಗೆ ಬಿಡಿರಿ.

ಗಾಳಿಗೆ ಎರಡು ದಾರಿ ಬೇಕು: ಬಾಗಿಲ ಕೆಳಗೆ ನಾಲ್ಕು ಬೆರಳು ಸಂದು, ಮೇಲೆ ಒಂದು ಗವಾಕ್ಷಿ. ಬಿಸಿ ಉಗಿ ಮೇಲಿನಿಂದ ಹೋದಂತೆ ತಂಪು ಗಾಳಿ ಕೆಳಗಿನಿಂದ ಬರುತ್ತದೆ. ಹಳೆಯ ಗೋಡೆಯಲ್ಲಿ ಕಂಡಿ ಕೊರೆಯುವುದು ಮಾತ್ರ ತಿಳಿದ ಗೌಂಡಿಯ ಕೆಲಸ. ತೊಲೆಯ ಕೆಳಗೆ, ಮೂಲೆಯ ಹತ್ತಿರ ಸರ್ವಥಾ ಬೇಡ.

ಹಸಿ ಗೋಡೆಗೆ ಸಿಮೆಂಟು ಮೆತ್ತಿ ಮುಚ್ಚುವವರು ಬಹಳ. ನೀರು ಒಳಗೇ ಉಳಿಯುತ್ತದೆ. ಒಣಗಿದ ಮೇಲೆ ಸುಣ್ಣದ ಗಾರೆ ಹಚ್ಚಿರಿ.