ಗಂಟು ಒಂದು, ಸಾಕ್ಷಿ ಮೂರು

ಸ್ತನದಲ್ಲಿ ಗಂಟು ಕೈಗೆ ಸಿಗುತ್ತಿದೆ, ಮ್ಯಾಮೊಗ್ರಾಂ ವರದಿ ಮಾತ್ರ ‘ನಾರ್ಮಲ್’ ಎನ್ನುತ್ತಿದೆ. ಇಂಥ ಹೊತ್ತಲ್ಲಿ ಬಹಳ ಮಂದಿ ವರದಿಯನ್ನು ನಂಬಿ ಸುಮ್ಮನಾಗಿಬಿಡುತ್ತಾರೆ. ನಂಬಬೇಕಾದದ್ದು ಗಂಟನ್ನು.

ಮ್ಯಾಮೊಗ್ರಾಂ ಅಂದರೆ ಎಕ್ಸ್‌ರೇ. ಅದರಲ್ಲಿ ಕೊಬ್ಬು ಕಪ್ಪಾಗಿಯೂ ಹಾಲಿನ ಗ್ರಂಥಿಗಳು ಬಿಳಿಯಾಗಿಯೂ ಕಾಣುತ್ತವೆ. ಕ್ಯಾನ್ಸರ್ ಗಡ್ಡೆಯೂ ಬಿಳಿಯೇ. ವಯಸ್ಸಾದವರ ಸ್ತನದಲ್ಲಿ ಸಾಮಾನ್ಯವಾಗಿ ಕೊಬ್ಬು ಹೆಚ್ಚಿರುವುದರಿಂದ ಗಡ್ಡೆ ಎದ್ದು ಕಾಣುತ್ತದೆ. ಮೂವತ್ತರ ಆಸುಪಾಸಿನವರಲ್ಲಿ ಗ್ರಂಥಿಗಳೇ ಹೆಚ್ಚಿರುವುದರಿಂದ ಬಿಳಿಯೊಳಗೆ ಬಿಳಿ ಅಡಗಿಬಿಡುತ್ತದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ಕಾಯಿಲೆ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದು ಹೆಚ್ಚು. ಹಾಗಾಗಿ ಈ ಮಿತಿಯನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಕಿರಿಯರಿಗೆ ವೈದ್ಯರು ಮೊದಲು ಅಲ್ಟ್ರಾಸೌಂಡ್ ಬರೆದುಕೊಡುವುದು ಇದಕ್ಕೇ. ನೀರುಗುಳ್ಳೆಯೋ ಗಟ್ಟಿ ಗಂಟೋ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ.

ವರದಿಯ ಕೊನೆಯಲ್ಲಿ ‘ಬೈರ್ಯಾಡ್ಸ್’ ಎಂದು ಒಂದು ಅಂಕಿ ಇರುತ್ತದೆ. 3 ಎಂದಿದ್ದರೆ ಕ್ಯಾನ್ಸರ್ ಸಂಭವ ಶೇ 2ನ್ನು ಮೀರದು. 5 ಎಂದಿದ್ದರೆ ಶೇ 95ಕ್ಕೂ ಹೆಚ್ಚು. ನಡುವಿನ 4ರ ವ್ಯಾಪ್ತಿ ಶೇ 2ರಿಂದ 95ರವರೆಗೆ! ಅದನ್ನು ಹಿಡಿದು ರಾತ್ರಿಯಿಡೀ ಗೂಗಲ್ ಜಾಲಾಡಿದರೆ ನಿದ್ದೆ ಕೆಡುತ್ತದೆಯೇ ಹೊರತು ಉತ್ತರ ಸಿಗುವುದಿಲ್ಲ. 5 ಬಂದರೂ ತೀರ್ಪು ಬಂತೆಂದಲ್ಲ. ಸ್ತನದ ಕ್ಷಯ, ಗ್ರ್ಯಾನುಲೋಮಾ ಬಾವು ಥೇಟ್ ಕ್ಯಾನ್ಸರಿನಂತೆಯೇ ವೇಷ ಹಾಕಬಲ್ಲವು.

ಬೇರ್ಪಡಿಸಿ ಹೇಳುವುದು ಸೂಜಿ. ಅದರಲ್ಲೂ ಎರಡು ಬಗೆ. ಎಫ್‌ಎನ್‌ಎಸಿಯ ಸಣ್ಣ ಸೂಜಿ ಬಿಡಿ ಕೋಶಗಳನ್ನಷ್ಟೇ ಹೀರುತ್ತದೆ. ಅಗ್ಗ, ಬೇಗ ಮುಗಿಯುತ್ತದೆ. ಆದರೆ ಕ್ಯಾನ್ಸರ್ ಹಾಲಿನ ನಾಳದೊಳಗೇ ಇದೆಯೋ ಹೊರಗೆ ಹಬ್ಬಿದೆಯೋ ಅದು ಹೇಳಲಾರದು. ಕೋರ್ ಬಯಾಪ್ಸಿಯ ಸೂಜಿ, ಸಾಮಾನ್ಯವಾಗಿ 14 ಗೇಜಿನದು, ಎಳೆಯಂಥ ಊತಕದ ತುಣುಕನ್ನೇ ತರುತ್ತದೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್ ಪರದೆ ನೋಡುತ್ತಾ ಮಾಡಿದರೆ ಗುರಿ ತಪ್ಪುವುದು ಅಪರೂಪ. ಹಾರ್ಮೋನ್ ಗ್ರಾಹಕಗಳನ್ನು ನೋಡುವ ಇಆರ್, ಪಿಆರ್ ಮತ್ತು ಹರ್-2 ಪ್ರೋಟೀನಿನ ಪರೀಕ್ಷೆಗಳೂ ಅದೇ ತುಣುಕಿನಲ್ಲಿ ಆಗುತ್ತವೆ. ಚಿಕಿತ್ಸೆ ನಿಂತಿರುವುದೇ ಅವುಗಳ ಮೇಲೆ. ಸೌಲಭ್ಯವಿದ್ದಲ್ಲಿ ಕೋರ್ ಬಯಾಪ್ಸಿಯನ್ನೇ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಬಯಾಪ್ಸಿಯಿಂದ ಬದುಕುವ ಅವಕಾಶ ಕುಗ್ಗುತ್ತದೆ ಎನ್ನಲು ಆಧಾರವಿಲ್ಲ. ಸೂಜಿ ಬಯಾಪ್ಸಿ ರೂಢಿಗೆ ಬರುವ ಮುನ್ನ ಏನಾಗುತ್ತಿತ್ತು ಗೊತ್ತೇ? ಅರಿವಳಿಕೆ ಕೊಟ್ಟು ಗಂಟು ತೆಗೆದು, ಅಲ್ಲೇ ಹೆಪ್ಪುಗಟ್ಟಿಸಿ ಪರೀಕ್ಷಿಸಿ, ಕ್ಯಾನ್ಸರ್ ಎಂದರೆ ಅದೇ ಮೇಜಿನ ಮೇಲೆ ಸ್ತನವನ್ನೇ ತೆಗೆದುಬಿಡುತ್ತಿದ್ದರು. ಎಚ್ಚರವಾದ ಮೇಲಷ್ಟೇ ಆಕೆಗೆ ವಿಷಯ ತಿಳಿಯುತ್ತಿತ್ತು.

ಸೂಜಿಯೂ ತಪ್ಪಬಹುದು, ಗಡ್ಡೆಯ ಪಕ್ಕಕ್ಕೆ ಸರಿಯಬಹುದು. ಅದಕ್ಕೇ ವೈದ್ಯರ ಕೈ, ಚಿತ್ರ, ಸೂಜಿ ಮೂರನ್ನೂ ಒಟ್ಟಿಗಿಟ್ಟು ನೋಡುವುದು. ಮೂರೂ ‘ಅಪಾಯವಿಲ್ಲ’ ಎಂದರೆ ಆ ಮಾತು ನೂರಕ್ಕೆ 99ರಷ್ಟು ನಿಜ. ಚಿತ್ರ ಸಂಶಯ ಹುಟ್ಟಿಸಿ ಸೂಜಿ ‘ಏನಿಲ್ಲ’ ಎಂದರೆ ಅದು ಸಮಾಧಾನಪಡುವ ಸುದ್ದಿಯಲ್ಲ. ಮತ್ತೊಮ್ಮೆ ಬಯಾಪ್ಸಿ ಆಗಬೇಕು, ಇಲ್ಲವೇ ಗಂಟನ್ನೇ ತೆಗೆದು ನೋಡಬೇಕು.

ಬೇರೆ ಡಾಕ್ಟರ ಬಳಿ ಹೋಗುವಾಗ ವರದಿಯ ಕಾಗದವೊಂದೇ ಸಾಲದು. ಫಿಲ್ಮುಗಳ ಜೊತೆಗೆ ಲ್ಯಾಬಿನಿಂದ ಬಯಾಪ್ಸಿ ತುಣುಕಿರುವ ಗಾಜಿನ ಸ್ಲೈಡು, ಮೇಣದ ಬ್ಲಾಕುಗಳನ್ನೂ ಕೇಳಿ ಪಡೆದುಕೊಳ್ಳಿ.