ಹಳ್ಳಿಗೆ ಸಲ್ಲಬೇಕಾದ ಪಾಲು

ವಿಶ್ವವಿದ್ಯಾನಿಲಯವೆಂದರೆ ಕೊಡುವ ಕೈ, ಹಳ್ಳಿಯೆಂದರೆ ಒಡ್ಡಿದ ಬೊಗಸೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಅದು ಪೂರ್ತಿ ಸುಳ್ಳೂ ಅಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಲ್ಲಿಯೇ ತನ್ನ ಅಧ್ಯಾಪಕರನ್ನು ಊರುಗಳಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿತು. ಅವನ್ನು ಕಡಮೆ ಬೆಲೆಯ ಪುಟ್ಟ ಪುಸ್ತಕಗಳಾಗಿ ಅಚ್ಚುಹಾಕಿಸಿತು. ಕುವೆಂಪು ಅವರು ಉಪಕುಲಪತಿಗಳಾಗಿದ್ದ 1956-60ರ ಅವಧಿಯಲ್ಲಿ ಈ ಕಾರ್ಯಕ್ಕೆ ಪ್ರಸಾರಾಂಗದ ಮೂಲಕ ಹೊಸ ಕಸುವು ಬಂದಿತು.

ಆದರೆ ವಿದ್ಯೆಯ ಹಾದಿ ಒಮ್ಮುಖವಾದುದಲ್ಲ. ಮೈಸೂರಿನ ಉತ್ತರಕ್ಕೆ ಹಬ್ಬಿರುವ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳು ವಿದ್ಯಾಲಯಕ್ಕೆ ಕೊಟ್ಟುದು ಎಷ್ಟು, ಹಿಂದಕ್ಕೆ ಪಡೆದುದು ಎಷ್ಟು ಎಂಬ ಲೆಕ್ಕವನ್ನು ನಾವು ಎಂದಾದರೂ ನೋಡಬೇಡವೆ?

ಮೊದಲು ಕಲ್ಲುಗಳ ಮಾತು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 3ನೆಯ ಸಂಪುಟ 1894ರಲ್ಲಿಯೂ 4ನೆಯದು 1898ರಲ್ಲಿಯೂ ಹೊರಬಂದವು. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ. ಆದುದರಿಂದ ಈ ಸೀಮೆಯ ಶಾಸನಗಳು ಅಂದು ಮೈಸೂರು ಜಿಲ್ಲೆಯ ಲೆಕ್ಕಕ್ಕೆ ಸೇರಿದ್ದವು. 1966ರಲ್ಲಿ ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಆರಂಭವಾದ ಮೇಲೆ ಆ ಮಹಾಕಾರ್ಯವನ್ನು ಪರಿಷ್ಕರಿಸುವ ಹೊಣೆಯನ್ನು ಅದು ಹೊತ್ತಿತು. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳು ಪರಿಷ್ಕೃತ ಮಾಲೆಯ 6ನೆಯ ಸಂಪುಟವಾಗಿ 1977ರಲ್ಲಿ ಬಂದವು. ನಾಗಮಂಗಲದವು 1979ರ 7ನೆಯ ಸಂಪುಟದಲ್ಲಿ ಸೇರಿದವು.

ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವನ್ನಾಗಲಿ ಕಂಬದಹಳ್ಳಿಯ ಬಸದಿಯನ್ನಾಗಲಿ ವಿದ್ವಾಂಸನು ತಾನೇ ಹುಡುಕಿಕೊಂಡು ಹೋಗಬಲ್ಲ. ಆದರೆ ಹೊಲದ ಬದುವಿನಲ್ಲಿ ಅರ್ಧ ಹೂತ ವೀರಗಲ್ಲನ್ನು ಅವನಿಗೆ ತೋರಿಸುವವರಾರು? ದನ ಮೇಯಿಸುವ ಹುಡುಗ, ಹೊಲದ ಒಡೆಯ, ಗುಡಿಯ ಪೂಜಾರಿ. ಅವರು ಬೇಲಿ ಸರಿಸಿ, ಬಿಂದಿಗೆಯಲ್ಲಿ ನೀರು ತಂದು ಕಲ್ಲು ತೊಳೆದುಕೊಟ್ಟ ಮೇಲೆಯೇ ಒದ್ದೆ ಕಾಗದವನ್ನು ಅದಕ್ಕೆ ಅಂಟಿಸಿ, ಕುಂಚದಿಂದ ಬಡಿದು, ಮಸಿ ಸವರಿ ಪಡಿಯಚ್ಚು ತೆಗೆಯುವುದು.

ಹಾಡಿನ ಕಥೆಯೂ ಹಾಗೆಯೇ. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯಲ್ಲಿ 1933ರಲ್ಲಿ ಹುಟ್ಟಿದ ಜೀ. ಶಂ. ಪರಮಶಿವಯ್ಯನವರು ಮೈಸೂರಿನ ಅಧ್ಯಾಪಕರಾದ ಮೇಲೂ ಹಳ್ಳಿಯ ದಾರಿಯನ್ನು ಮರೆಯಲಿಲ್ಲ. ಹಾಡುಗಾರರ ಜಗಲಿಯ ಮೇಲೆ ಕುಳಿತು ಅವರು ಸಂಗ್ರಹಿಸಿದ ಕಾವ್ಯಗಳು ಜಾನಪದವನ್ನು ವಿಶ್ವವಿದ್ಯಾನಿಲಯದ ಅಧ್ಯಯನ ವಿಷಯವನ್ನಾಗಿ ಮಾಡಿದವು. ದೇ. ಜವರೇಗೌಡರ ಬೆಂಬಲದಿಂದ, ಪಿ. ಆರ್. ತಿಪ್ಪೇಸ್ವಾಮಿಯವರಂಥ ಕಲಾವಿದರ ದುಡಿಮೆಯಿಂದ, 1968ರಲ್ಲಿ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ತಲೆಯೆತ್ತಿತು. ಅದೇ ನಾಗಮಂಗಲ ಸೀಮೆಯ ಎಚ್. ಎಲ್. ನಾಗೇಗೌಡರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ ಹಳ್ಳಿಯ ಹಾಡುಗಳನ್ನು ಕೂಡಿಸಿದರು. ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು.

ಇಂಥ ಹಿರಿಯರ ದಾರಿಯಲ್ಲಿ ನಡೆಯುತ್ತಿರುವೆನೆಂದು ಬೀಗಿದ್ದ ನಾನು ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಲೇಬೇಕು.

ಎಂ.ಎ. ಓದುತ್ತಿದ್ದಾಗ ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಊರಿಗೆ ಸೋಬಾನೆ ಪದಗಳಿಗಾಗಿ ಹೋಗಿದ್ದೆ. ಮುದುಕಿಯೊಬ್ಬಳು ಎರಡು ಸಂಜೆ ಹಾಡಿದಳು. ಮುದ್ದೆ, ಅವರೆಕಾಳಿನ ಸಾರು ಇಟ್ಟು ಉಪಚರಿಸಿದಳು. ಪುಸ್ತಕ ತಂದುಕೊಡುವೆನೆಂದು ಮಾತು ಕೊಟ್ಟು ಬಂದೆ. ಹಾಡುಗಳನ್ನು ಬರೆದುಕೊಂಡಾದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಬೇರೆ ಊರಿನ ಹಾಡು ತುಂಬಿಕೊಂಡೆ. ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಗುರುಗಳಿದ್ದರು, ಗ್ರಂಥಾಲಯವಿತ್ತು, ಧ್ವನಿಮುದ್ರಣ ಯಂತ್ರವನ್ನು ಎರವು ಕೊಟ್ಟ ಗೆಳೆಯನಿದ್ದ. ಆಕೆ ಇರಲಿಲ್ಲ.

ಇಪ್ಪತ್ತು ವರ್ಷಗಳು ಕಳೆದ ಮೇಲೆ ನನ್ನ ವಿದ್ಯಾರ್ಥಿಗಳೊಡನೆ ಅದೇ ಬೀದಿಗೆ ಹೋದೆ. ಆಕೆಯ ಸೊಸೆ ಗುರುತು ಹಿಡಿದರು. “ನಮ್ಮತ್ತೆ ಹೋಗಿ ಆರು ವರ್ಸ ಆಯ್ತು ಮೇಷ್ಟ್ರೆ. ಪುಸ್ತಕ ಬತ್ತದೆ ಅಂತ ಸಾಯೋಗಂಟ ಹೇಳ್ತಿತ್ತು. ಆ ಪದ ಈಗ ನಮಗ್ಯಾರಿಗೂ ಪೂರ್ತಿ ಬರಕ್ಕಿಲ್ಲ. ನಿಮ್ಮತ್ರ ಐತಾ?”

ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ಅದರಿಂದಲೇ ನನಗೆ ತಲೆಯೆತ್ತಲಾಗಲಿಲ್ಲ. ಆ ಮನೆಯ ಸೊತ್ತು ಆ ಮನೆಯಲ್ಲಿ ಉಳಿದಿರಲಿಲ್ಲ. ಅದು ನನ್ನ ಕಪಾಟಿನಲ್ಲಿತ್ತು!

ತಿಂಗಳೊಳಗೆ ಹಳೆಯ ಪ್ರಬಂಧದಿಂದ ಹಾಡುಗಳನ್ನು ಪ್ರತಿಮಾಡಿಕೊಂಡು ಮತ್ತೆ ಹೋದೆ. ಹೈಸ್ಕೂಲಿನಲ್ಲಿ ಓದುತ್ತಿದ್ದ ಮೊಮ್ಮಗಳು ಗಟ್ಟಿಯಾಗಿ ಓದಿದಳು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ದನಿಗೂಡಿಸಿದರು. ಒಂದು ಕಡೆ ಎಲ್ಲರೂ ನಕ್ಕರು. ಹಾಡಿನಲ್ಲಿ ಬರುವ ‘ಕಟ್ಟೆ’ಗೆ ‘ಅರಳಿಯ ಮರದ ಕಟ್ಟೆ’ ಎಂದು ನಾನು ಅಡಿಟಿಪ್ಪಣಿ ಬರೆದಿದ್ದೆ. ಅದು ಮರದ ಕಟ್ಟೆಯಲ್ಲ, ಊರ ಮುಂದಿದ್ದ ನೀರಿನ ಕಟ್ಟೆ! ಮದುವೆಯ ಶಾಸ್ತ್ರದ ನೀರನ್ನು ಅಲ್ಲಿಂದಲೇ ತರುತ್ತಿದ್ದರಂತೆ. ಕಟ್ಟೆ ಎಂದೋ ಮುಚ್ಚಿಹೋಗಿದೆ. ಅದರ ನೆನಪು ಹಾಡಿನಲ್ಲಿ ಉಳಿದಿತ್ತು. ಮೈಸೂರಿನಲ್ಲಿ ಯಾರೂ ಕಾಣದ ತಪ್ಪನ್ನು ಆ ಜಗಲಿ ಒಂದು ಗಳಿಗೆಯಲ್ಲಿ ತಿದ್ದಿತು.

ಪಡೆದುದನ್ನು ಹಿಂದಿರುಗಿಸುವುದು ಸೌಜನ್ಯ ಮಾತ್ರವೆಂದು ನಾನು ತಿಳಿದಿದ್ದೆ. ಅದು ಸಂಶೋಧನೆಯ ಕೊನೆಯ ಹಂತವೆಂದೂ, ಅದಿಲ್ಲದೆ ಶೋಧನೆ ಪೂರ್ಣವಾಗದೆಂದೂ ಅಂದು ಅರಿವಾಯಿತು. ಶಾಸನಕ್ಕೂ ಇದೇ ನ್ಯಾಯ. ತಮ್ಮ ಊರಿನ ಕಲ್ಲು ಏನು ಹೇಳುತ್ತದೆಂದು ತಿಳಿದ ಜನ ಅದನ್ನು ಬಟ್ಟೆ ಒಗೆಯುವ ಬಂಡೆಯಾಗಿಸಲಾರರು, ಪಾಯಕ್ಕೆ ಹಾಕಲಾರರು. ಆದರೆ ಶಾಸನದ ಸಂಪುಟ ಇರುವುದು ಪಟ್ಟಣದ ಗ್ರಂಥಾಲಯದಲ್ಲಿ, ಶಾಸನ ಇರುವುದು ಹೊಲದಲ್ಲಿ. ಎರಡರ ನಡುವೆ ಓಡಾಡಬೇಕಾದವರು ನಾವು, ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು.

ಈಗ ನನ್ನ ವಿದ್ಯಾರ್ಥಿಗಳಿಗೆ ಮೂರು ಕಟ್ಟುಪಾಡು ಹಾಕಿದ್ದೇನೆ. ಏಕೆ ಕೇಳುತ್ತಿದ್ದೇವೆಂದು ಮೊದಲೇ ಹೇಳಬೇಕು. ಬರೆದುದನ್ನು ಹೇಳಿದವರ ಮುಂದೆ ಓದಿ ತಿದ್ದಿಸಿಕೊಳ್ಳಬೇಕು. ಒಂದು ಪ್ರತಿ ಆ ಮನೆಗೂ ಇನ್ನೊಂದು ಊರಿನ ಶಾಲೆಗೂ ಸೇರಬೇಕು.

ಆ ಮುದುಕಿಯ ಹೆಸರನ್ನು ಪ್ರತಿಯ ಮೊದಲ ಪುಟದಲ್ಲಿ ಬರೆದಿದ್ದೇನೆ. ಈ ಲೇಖನದಲ್ಲಿಯೂ ಹಾಕಲೆ ಎಂದು ಸೊಸೆಯನ್ನು ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, “ಪೇಪರ್‌ನಾಗೆ ಬ್ಯಾಡಿ ಮೇಷ್ಟ್ರೆ, ನಾಳೆ ಬೀದಿಪಾಲಾಯ್ತದೆ. ಪುಸ್ತಕದಾಗೆ ಇರ್ಲಿ” ಎಂದರು.

ಅವರ ಮಾತಿನಂತೆ ನಡೆದಿದ್ದೇನೆ.