ಕುಂದಿಲ್ಲದ ನಾಯಕಿಯ ಮೇಲೇಕೆ ಕೊಂಕು?

ಇಲ್ಲಿನ ಸಿನಿಮಾ, ಕಾದಂಬರಿಗಳ ಮಾತು ಬಂದಾಗ 'ಮೇರಿ ಸೂ' ಎಂಬ ಹೆಸರು ಆಗಾಗ ನಮ್ಮ ಕಿವಿಗೆ ಬೀಳುತ್ತದೆ. ಯಾವ ಕುಂದೂ ಇಲ್ಲದ, ಮುಟ್ಟಿದ್ದೆಲ್ಲ ಚಿನ್ನವಾಗುವ ನಾಯಕಿಯನ್ನು ಹಂಗಿಸುವ ಮಾತದು. ಹುಟ್ಟಿದ್ದು 1973ರಲ್ಲಿ, ಅಮೆರಿಕದಲ್ಲಿ. ಸ್ಟಾರ್ ಟ್ರೆಕ್ ಧಾರಾವಾಹಿಯ ಅಭಿಮಾನಿಗಳು ತಾವೇ ಕಥೆ ಕಟ್ಟಿ ಕಿರುಪತ್ರಿಕೆಗಳಲ್ಲಿ ಅಚ್ಚು ಹಾಕಿಸುತ್ತಿದ್ದ ಕಾಲ. ಅಂಥ ಕಥೆಗಳನ್ನು ಅಣಕಿಸಿ ಪೌಲಾ ಸ್ಮಿತ್ ಪುಟ್ಟದೊಂದು ಕಥೆ ಬರೆದರು. ಅದರ ಲೆಫ್ಟಿನೆಂಟ್ ಮೇರಿ ಸೂಗೆ ಹದಿನೈದೂವರೆ ವರ್ಷ. ಕ್ಯಾಪ್ಟನ್ ಕರ್ಕ್ ನೋಡಿದೊಡನೆ ಮನಸೋಲುತ್ತಾನೆ. ಅವಳು ಹಡಗು ನಡೆಸುತ್ತಾಳೆ, ನೊಬೆಲ್ ಶಾಂತಿ ಪ್ರಶಸ್ತಿ ಗೆಲ್ಲುತ್ತಾಳೆ, ಕೊನೆಗೆ ಎಲ್ಲರನ್ನೂ ಅಳಿಸಿ ಸಾಯುತ್ತಾಳೆ. ನಕ್ಕು ಮರೆಯಬಹುದಾದ ತಮಾಷೆ!

ಆದರೆ ತಮಾಷೆ ಬರಬರುತ್ತ ಬೈಗುಳವಾಯಿತು. ಸ್ಟಾರ್ ವಾರ್ಸ್ ಚಿತ್ರಗಳನ್ನೇ ನೋಡಿ. 1977ರಲ್ಲಿ ಹೊಲದ ಹುಡುಗ ಲ್ಯೂಕ್ ತನ್ನ ಮೊದಲ ಕಾಳಗದಲ್ಲೇ ಶತ್ರುಗಳ ಮಹಾಕೋಟೆ ಡೆತ್ ಸ್ಟಾರನ್ನು ಉಡಾಯಿಸಿದ. 1999ರಲ್ಲಿ ಒಂಬತ್ತು ವರ್ಷದ ಪೋರ ಆನಾಕಿನ್ ಶತ್ರುಗಳ ಹಡಗನ್ನೇ ಚಿಂದಿ ಮಾಡಿದ. ಇಬ್ಬರಿಗೂ ಅದು ಹುಟ್ಟುಗುಣವೆಂದು ಬಿಟ್ಟರು. 2015ರಲ್ಲಿ ರೇ ಎಂಬ ಹುಡುಗಿ ಗುರುವಿಲ್ಲದೆ ಕತ್ತಿ ಬೀಸಿ ಗೆದ್ದಾಗ 'ಇವಳು ಮೇರಿ ಸೂ' ಎಂದು ಗದ್ದಲವೆದ್ದಿತು. ಗಂಡಿಗೂ 'ಗ್ಯಾರಿ ಸ್ಟೂ' ಎಂಬ ಹೆಸರುಂಟು; ಬಳಸುವವರು ಕಡಿಮೆ. ಸಲೀಸಾದ ಗೆಲುವಿನಿಂದ ಕಥೆ ಸಪ್ಪೆಯಾಗುವುದು ನಿಜ, ರೇ ಬಗೆಗಿನ ದೂರೂ ಪೂರ್ತಿ ಸುಳ್ಳಲ್ಲ. ಅದೇ ತಕ್ಕಡಿಯಲ್ಲಿ ಲ್ಯೂಕನನ್ನು ಯಾಕೆ ತೂಗಲಿಲ್ಲ ಎಂಬುದಷ್ಟೇ ನಮ್ಮ ತಕರಾರು.

ನಾವು ಕನ್ನಡಿಗರೂ ಇದಕ್ಕೆ ಹೊರತಲ್ಲ. ಟಿ. ಕೆ. ರಾಮರಾವ್ ಅವರ ಕಾದಂಬರಿ ಆಧರಿಸಿದ 'ಬಂಗಾರದ ಮನುಷ್ಯ' (1972) ಚಿತ್ರದ ರಾಜೀವನನ್ನು ನೆನೆಯಿರಿ. ಗಂಡನನ್ನು ಕಳೆದುಕೊಂಡ ಅಕ್ಕನ ಸಂಸಾರ ಎತ್ತಿ ನಿಲ್ಲಿಸುತ್ತಾನೆ, ಬರಡು ನೆಲದಲ್ಲಿ ಬೆಳೆ ತೆಗೆಯುತ್ತಾನೆ, ಅಪವಾದ ಬಂದಾಗ ಮರುಮಾತಾಡದೆ ಎದ್ದು ಹೋಗುತ್ತಾನೆ. ಇಷ್ಟು ಒಳ್ಳೆಯವನು ಇರಲು ಸಾಧ್ಯವೇ ಎಂದು ನಾವ್ಯಾರೂ ಕೇಳಲಿಲ್ಲ, ಕಣ್ಣೊರೆಸಿಕೊಂಡೆವು.

ಕುಂದಿಲ್ಲದ ಹೆಣ್ಣೂ ನಮ್ಮ ಪರಂಪರೆಯಲ್ಲಿದ್ದಾಳೆ. ಅವಳನ್ನು ಯಾರೂ ಹಂಗಿಸುವುದಿಲ್ಲ; ಆದರೆ ತನ್ನಲ್ಲಿ ಕುಂದಿಲ್ಲವೆಂದು ಅವಳೇ ತೋರಿಸಿಕೊಡಬೇಕು, ಅದೂ ಬೆಂಕಿಗೆ ಇಳಿದು. ಮರ್ಯಾದಾ ಪುರುಷೋತ್ತಮನೆನಿಸಿದ ರಾಮನಿಗೆ ಅಂಥ ಪರೀಕ್ಷೆ ವಾಲ್ಮೀಕಿಯಲ್ಲಿಲ್ಲ. ಕುವೆಂಪು ಈ ಏಕಪಕ್ಷೀಯತೆಯನ್ನು ಒಪ್ಪಲಿಲ್ಲ. 'ಶ್ರೀ ರಾಮಾಯಣ ದರ್ಶನಂ'ದಲ್ಲಿ ಸೀತೆಯೊಡನೆ ರಾಮನೂ ಅಗ್ನಿಪ್ರವೇಶ ಮಾಡುತ್ತಾನೆ.